ಆಫ್ ಮಾಡಲಾಗದ ಬ್ಯಾಟರಿಗೆ ಬೆಸುಗೆ: ಲಿಪೊ ಪ್ಯಾಕಿಗೆ ಕನೆಕ್ಟರ್ ಕೂರಿಸುವುದು ಹೇಗೆ?

ಡ್ರೋನ್ ಕಟ್ಟಲು ಹೊರಟ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ರಿಮೋಟ್ ಕಾರು, ಪುಟ್ಟ ವಿಮಾನಗಳ ಹವ್ಯಾಸಿಗಳಿಗೂ ಒಂದಲ್ಲ ಒಂದು ದಿನ ಈ ತೊಡಕು ಎದುರಾಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನಿನಲ್ಲೋ ಕೊಂಡ ಬ್ಯಾಟರಿಯ ತುದಿಯಲ್ಲಿ ಒಂದು ಬಗೆಯ ಕನೆಕ್ಟರ್ ಇರುತ್ತದೆ, ಮೋಟರಿನ ವೇಗ ನಿಯಂತ್ರಿಸುವ ಇಎಸ್‌ಸಿಯ ತುದಿಯಲ್ಲಿ ಇನ್ನೊಂದು ಬಗೆಯದು. ಎರಡೂ ಕೂಡುವುದಿಲ್ಲ. ಹಳೆಯದನ್ನು ಕತ್ತರಿಸಿ ಹೊಸದನ್ನು ಬೆಸೆದರಾಯಿತು, ಎರಡೇ ತಂತಿ ತಾನೇ ಅನ್ನಿಸುತ್ತದೆ.

ಕೆಲಸ ಚಿಕ್ಕದೇ, ಕಲಿಯಬಹುದಾದದ್ದೇ. ಆದರೆ ರೇಡಿಯೊ, ಚಾರ್ಜರ್, ಎಲ್‌ಇಡಿ ಪಟ್ಟಿಗೆ ಬೆಸುಗೆ ಹಾಕುವವರು ಮೊದಲು ಪ್ಲಗ್ ಕೀಳುತ್ತಾರೆ. ಬ್ಯಾಟರಿಗೆ ಕೀಳಬಹುದಾದ ಪ್ಲಗ್ ಇಲ್ಲ. ಅದರ ತಂತಿಗಳಲ್ಲಿ ಕೆಲಸದ ಆರಂಭದಿಂದ ಕೊನೆಯವರೆಗೂ ವಿದ್ಯುತ್ ಇದ್ದೇ ಇರುತ್ತದೆ. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಈ ಒಂದೇ ಸಂಗತಿಯಿಂದ ಹುಟ್ಟಿದವು. ಅದು ಮನಸ್ಸಿನಲ್ಲಿದ್ದರೆ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

## ಪ್ಯಾಕಿನ ಒಳಗೆ ಏನಿದೆ?

ಹವ್ಯಾಸಿಗಳು ‘ಲಿಪೊ’ ಎನ್ನುವುದು ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು. ಮೊಬೈಲಿನಲ್ಲಿರುವ ಲಿಥಿಯಂ ಅಯಾನ್ ಬ್ಯಾಟರಿಯ ಕುಲದ್ದೇ. ಗಟ್ಟಿ ಲೋಹದ ಡಬ್ಬಿಯ ಬದಲು ಅಲ್ಯೂಮಿನಿಯಂ ಹಾಳೆಯ ಮೆತ್ತನೆಯ ಚೀಲದಲ್ಲಿ ಬರುತ್ತದೆ. ಅಂಥ ಒಂದು ಚೀಲಕ್ಕೆ ಸೆಲ್ ಎಂದು ಹೆಸರು. ಒಂದು ಸೆಲ್‌ನ ಸರಾಸರಿ ವೋಲ್ಟೇಜ್ 3.7. ಪೂರ್ತಿ ಚಾರ್ಜ್ ಆದಾಗ 4.2, ಬಳಸುವಾಗ 3.0ಕ್ಕಿಂತ ಕೆಳಗೆ ಇಳಿಸಬಾರದು.

ಪ್ಯಾಕಿನ ಮೇಲಿನ ‘3ಎಸ್’ ಎಂದರೆ ಮೂರು ಸೆಲ್‌ಗಳನ್ನು ಸಾಲಾಗಿ ಜೋಡಿಸಲಾಗಿದೆ ಎಂದರ್ಥ. ಸರಾಸರಿ 11.1 ವೋಲ್ಟ್, ಪೂರ್ತಿ ತುಂಬಿದಾಗ 12.6. ‘2200 ಎಂಎಎಚ್’ (ಮಿಲಿಆಂಪಿಯರ್-ಗಂಟೆ) ಎನ್ನುವುದು ಅದರ ಸಾಮರ್ಥ್ಯ, ಅಂದರೆ 2.2 ಆಂಪಿಯರ್ ಕರೆಂಟನ್ನು ಒಂದು ಗಂಟೆ ಕೊಡಬಲ್ಲದು. ‘25ಸಿ’ ಎಂಬುದು ಆ ಸಾಮರ್ಥ್ಯದ ಎಷ್ಟು ಪಟ್ಟು ಕರೆಂಟನ್ನು ಒಮ್ಮೆಗೆ ಎಳೆಯಬಹುದು ಎಂಬ ಲೆಕ್ಕ: 2.2 ಗುಣಿಸು 25, ಒಟ್ಟು 55 ಆಂಪಿಯರ್. ಮನೆಯ ಗೀಸರ್ ಪ್ಲಗ್ಗಿಗೇ 16 ಆಂಪಿಯರ್ ಮಿತಿ. ಅಂಗೈಯಗಲದ ಪ್ಯಾಕು ಅದರ ಮೂರು ಪಟ್ಟಿಗಿಂತ ಹೆಚ್ಚು ಕೊಡುತ್ತದೆ.

ಪ್ಯಾಕಿನಿಂದ ಎರಡು ಬಗೆಯ ತಂತಿಗಳು ಹೊರಬರುತ್ತವೆ. ದಪ್ಪನೆಯ ಕೆಂಪು ಮತ್ತು ಕಪ್ಪು ತಂತಿಗಳು ಮೋಟರಿಗೆ ಕರೆಂಟ್ ಒಯ್ಯುವಂಥವು. ನಾವು ಬೆಸೆಯುವುದು ಇವನ್ನು ಮಾತ್ರ. ಬಿಳಿಯ ಪುಟ್ಟ ಪ್ಲಗ್ ಇರುವ ತೆಳು ತಂತಿಗಳ ಗೊಂಚಲು ಬ್ಯಾಲೆನ್ಸ್ ಲೀಡ್. ಚಾರ್ಜರ್ ಪ್ರತಿ ಸೆಲ್‌ನ ವೋಲ್ಟೇಜನ್ನು ಬೇರೆಬೇರೆಯಾಗಿ ಅಳೆಯುವುದು ಇದರ ಮೂಲಕ. ಈ ತೆಳು ತಂತಿಗಳೂ ನೇರವಾಗಿ ಸೆಲ್‌ಗಳಿಗೇ ಸೇರಿರುತ್ತವೆ. ಇಲ್ಲಿ ಎರಡು ತಂತಿ ತಾಗಿದರೂ ದಪ್ಪ ತಂತಿ ತಾಗಿದಷ್ಟೇ ಅಪಾಯ, ಇದನ್ನು ಮರೆಯುವವರು ಹೆಚ್ಚು.

## ಶಾರ್ಟ್ ಆದರೆ ಏನಾಗುತ್ತದೆ?

12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಹಾಗಾಗಿ ಇದು ಸೌಮ್ಯ ವಸ್ತು ಎಂಬ ಭಾವನೆ ಬರುತ್ತದೆ. ಅಪಾಯ ಇರುವುದು ವೋಲ್ಟೇಜಿನಲ್ಲಲ್ಲ, ಕರೆಂಟಿನಲ್ಲಿ.

ಪ್ರತಿ ಬ್ಯಾಟರಿಗೂ ತನ್ನದೇ ಒಳರೋಧ ಇರುತ್ತದೆ. ಲಿಪೊದಲ್ಲಿ ಅದು ಬಹಳ ಕಡಿಮೆ, ಮಿಲಿಓಮ್‌ಗಳ ಲೆಕ್ಕದಲ್ಲಿ. ತಂತಿಯೂ ಸೇರಿ ಒಟ್ಟು 30 ಮಿಲಿಓಮ್ ಎಂದಿಟ್ಟುಕೊಳ್ಳಿ. 12.6 ವೋಲ್ಟಿನ ಪ್ಯಾಕಿನ ಕೆಂಪು, ಕಪ್ಪು ತುದಿಗಳು ನೇರವಾಗಿ ತಾಗಿದರೆ ಹರಿಯುವ ಕರೆಂಟ್ ಸುಮಾರು 420 ಆಂಪಿಯರ್. ಮನೆಯಲ್ಲಾದರೆ ಎಂಸಿಬಿ ಟಕ್ಕನೆ ಬೀಳುತ್ತಿತ್ತು. ಹವ್ಯಾಸಿ ಪ್ಯಾಕುಗಳಲ್ಲಿ ಸಾಮಾನ್ಯವಾಗಿ ಫ್ಯೂಸೂ ಇಲ್ಲ, ಎಂಸಿಬಿಯೂ ಇಲ್ಲ. ಕಟಿಂಗ್ ಪ್ಲೈಯರಿನ ಬಾಯಿ ಕರಗುತ್ತದೆ, ತಾಮ್ರದ ಹನಿ ಸಿಡಿಯುತ್ತದೆ, ಬೆರಳಿನ ಉಂಗುರ ನಡುವೆ ಸಿಕ್ಕಿದರೆ ಕ್ಷಣದಲ್ಲಿ ಚರ್ಮ ಸುಡುವಷ್ಟು ಕಾಯುತ್ತದೆ.

ಸ್ಪರ್ಶ ತಪ್ಪದೆ ಕೆಲವು ಸೆಕೆಂಡು ಉಳಿದರೆ ಸೆಲ್‌ಗಳೇ ಬಿಸಿಯಾಗುತ್ತವೆ. ಸುಮಾರು 80ರಿಂದ 90 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಒಳಗಿನ ರಕ್ಷಣಾ ಪದರ ಒಡೆಯತೊಡಗುತ್ತದೆ. ಸುಮಾರು 130ರ ಹೊತ್ತಿಗೆ ಎರಡು ಧ್ರುವಗಳನ್ನು ಬೇರೆಯಾಗಿಡುವ ಪಾಲಿಎಥಿಲೀನ್ ಪರದೆ ಕರಗುತ್ತದೆ. ಆಮೇಲೆ ಒಳಗೇ ಶಾರ್ಟ್ ಆಗಿ, ಆ ಶಾಖ ಮತ್ತಷ್ಟು ಶಾಖವನ್ನು ಹುಟ್ಟಿಸುತ್ತಾ ಹೋಗುತ್ತದೆ. ಒಳಗಿನ ದ್ರಾವಣ ಹೊತ್ತಿಕೊಳ್ಳುವ ಗುಣದ್ದು. ಹೊರಗಿನ ತಂತಿಯನ್ನು ಆ ಹಂತದಲ್ಲಿ ಬಿಡಿಸಿದರೂ ಈ ಸರಪಳಿ ನಿಲ್ಲದು.

## ಯಾವ ಕನೆಕ್ಟರ್, ಯಾವ ಬದಿ?

ನಮ್ಮಲ್ಲಿ ಹೆಚ್ಚು ಕಾಣುವುದು ಹಳದಿ ಬಣ್ಣದ ಎಕ್ಸ್‌ಟಿ ಸರಣಿ. ಪುಟ್ಟ ಡ್ರೋನಿಗೆ ಎಕ್ಸ್‌ಟಿ30, ಮಧ್ಯಮ ಗಾತ್ರದ್ದಕ್ಕೆ ಎಕ್ಸ್‌ಟಿ60, ದೊಡ್ಡದಕ್ಕೆ ಎಕ್ಸ್‌ಟಿ90. ಹೆಸರಿನಲ್ಲಿರುವ ಅಂಕಿ ಸ್ವಲ್ಪ ಹೊತ್ತು ತಾಳಬಲ್ಲ ಕರೆಂಟನ್ನು ಸೂಚಿಸುತ್ತದೆ. ನಿರಂತರ ಬಳಕೆಗೆ ಅದಕ್ಕಿಂತ ಸಾಕಷ್ಟು ಕಡಿಮೆ ಎಂದೇ ಲೆಕ್ಕ ಹಾಕಬೇಕು. ಹಳೆಯ ಕಾರುಗಳಲ್ಲಿ ಕೆಂಪು ಟಿ ಕನೆಕ್ಟರ್, ಕೆಲವು ವಿಮಾನಗಳಲ್ಲಿ ನೀಲಿ ಇಸಿ3, ಇಸಿ5 ಇರುತ್ತವೆ. ಒಂದೇ ಬಗೆಯನ್ನು ಆರಿಸಿ ನಿಮ್ಮ ಎಲ್ಲ ಪ್ಯಾಕುಗಳಿಗೂ ಅದನ್ನೇ ಹಾಕಿಕೊಳ್ಳುವುದು ಒಳ್ಳೆಯದು.

ಕನೆಕ್ಟರಿಗೆ ಎರಡು ಬದಿ. ಒಂದರಲ್ಲಿ ಲೋಹದ ಕಡ್ಡಿಗಳು ಎದ್ದು ಕಾಣುತ್ತವೆ, ಇನ್ನೊಂದರಲ್ಲಿ ಟೊಳ್ಳು ಕೊಳವೆಗಳು ಪ್ಲಾಸ್ಟಿಕ್ಕಿನೊಳಗೆ ಅಡಗಿರುತ್ತವೆ. ಬ್ಯಾಟರಿಗೆ ಬರಬೇಕಾದದ್ದು ಕೊಳವೆ ಅಡಗಿರುವ ಬದಿ. ಸದಾ ವಿದ್ಯುತ್ ಇರುವ ಲೋಹ ಹೊರಗೆ ಕಾಣದಂತಿದ್ದರೆ ಬ್ಯಾಗಿನಲ್ಲಿ ಕೀಲಿಕೈ, ಸ್ಕ್ರೂಡ್ರೈವರ್ ತಾಗಿ ಶಾರ್ಟ್ ಆಗುವುದು ತಪ್ಪುತ್ತದೆ. ಎಕ್ಸ್‌ಟಿ60ರ ಒಂದು ಅಂಚು ಓರೆಯಾಗಿ ಕತ್ತರಿಸಿದಂತಿದ್ದು ತಲೆಕೆಳಗಾಗಿ ಕೂರದು. ಪ್ಲಾಸ್ಟಿಕ್ಕಿನ ಮೇಲೆಯೇ ಕೂಡು, ಕಳೆ ಗುರುತುಗಳನ್ನು ಅಚ್ಚು ಹಾಕಿರುತ್ತಾರೆ. ಕೆಂಪು ತಂತಿ ಕೂಡಿಗೆ, ಕಪ್ಪು ಕಳೆಗೆ.

## 25 ವ್ಯಾಟಿನ ಐರನ್ ಏಕೆ ಸಾಲದು?

ಎಲೆಕ್ಟ್ರಾನಿಕ್ಸ್ ಕಲಿಯುವವರ ಮನೆಯಲ್ಲಿ ಸಾಮಾನ್ಯವಾಗಿ ಇರುವುದು 25 ವ್ಯಾಟಿನ ಚೂಪು ಮೂತಿಯ ಸೋಲ್ಡರಿಂಗ್ ಐರನ್. ಸರ್ಕ್ಯೂಟ್ ಬೋರ್ಡಿಗೆ ಅದು ಚೆನ್ನಾಗಿದೆ. ಬ್ಯಾಟರಿ ತಂತಿಗೆ ಅದನ್ನು ಬಳಸುವುದು ದಪ್ಪ ಕಬ್ಬಿಣದ ಕಾವಲಿಯನ್ನು ಸಣ್ಣ ಉರಿಯ ಮೇಲಿಟ್ಟು ದೋಸೆ ಹುಯ್ದಂತೆ. ಎಷ್ಟು ಹೊತ್ತು ಕಾದರೂ ಕಾವಲಿ ಹದಕ್ಕೆ ಬರುವುದಿಲ್ಲ, ಹಿಟ್ಟು ಅಂಟಿಕೊಳ್ಳುತ್ತದೆ.

12 ಗೇಜಿನ ಸಿಲಿಕೋನ್ ತಂತಿಯಲ್ಲಿ ಕೂದಲಿನಷ್ಟು ಸಣ್ಣ ತಾಮ್ರದ ಎಳೆಗಳು ನೂರಾರು. ಎಲ್ಲ ಸೇರಿ ಸುಮಾರು 3.3 ಚದರ ಮಿಲಿಮೀಟರ್ ತಾಮ್ರ. ಐರನ್ ಕೊಟ್ಟ ಶಾಖವನ್ನು ಅದು ಕೂಡಲೇ ಬ್ಯಾಟರಿಯ ಕಡೆಗೆ ಒಯ್ಯುತ್ತದೆ. ಐರನ್ ದುರ್ಬಲವಾಗಿದ್ದಷ್ಟೂ ನಾವು ಅದನ್ನು ಹೆಚ್ಚು ಹೊತ್ತು ಒತ್ತಿ ಹಿಡಿಯುತ್ತೇವೆ. ತುದಿಯಲ್ಲಿ ಬೆಸುಗೆ ಕರಗದಿದ್ದರೂ ಆ ಕಡೆ ಕನೆಕ್ಟರಿನ ಪ್ಲಾಸ್ಟಿಕ್ ಮೆತ್ತಗಾಗಿರುತ್ತದೆ, ಈ ಕಡೆ ಶಾಖ ಸೆಲ್‌ನತ್ತ ಸಾಗಿರುತ್ತದೆ. ಹಾಗಾಗಿ ಹೆಚ್ಚು ಶಕ್ತಿಯ ಐರನ್ನೇ ಇಲ್ಲಿ ಸುರಕ್ಷಿತ. 60 ವ್ಯಾಟ್ ಅಥವಾ ಅದಕ್ಕೂ ಹೆಚ್ಚು, ಉಳಿಯಂತೆ ಅಗಲವಾದ ತುದಿ, ತಾಪ ಹೊಂದಿಸುವ ಸೌಲಭ್ಯ ಇದ್ದರೆ 350ರಿಂದ 400 ಡಿಗ್ರಿ. ಚುರುಕಾಗಿ ಬಿಸಿ ಮಾಡಿ, ಕೆಲವೇ ಸೆಕೆಂಡಿನಲ್ಲಿ ಕೈ ತೆಗೆಯಬೇಕು.

ಬೆಸುಗೆ ತಂತಿಯಲ್ಲಿ 60 ಪಾಲು ತವರ, 40 ಪಾಲು ಸೀಸ ಇರುವುದು ಕಲಿಯುವವರಿಗೆ ಸುಲಭ. ಅದು 183 ಡಿಗ್ರಿಗೆ ಕರಗಲು ತೊಡಗಿ 190ರ ಹೊತ್ತಿಗೆ ಪೂರ್ತಿ ನೀರಾಗುತ್ತದೆ. ಸೀಸವಿಲ್ಲದ ತಂತಿಗಳು ಕರಗಲು ಸುಮಾರು 217ರಿಂದ 227 ಡಿಗ್ರಿ ಬೇಕು, ಕೈ ಇನ್ನಷ್ಟು ಪಳಗಿರಬೇಕು. ಫ್ಲಕ್ಸ್, ಅಂದರೆ ಅಂಗಡಿಯವರು ‘ಪೇಸ್ಟ್’ ಎನ್ನುವುದು, ಲೋಹದ ಮೇಲಿನ ಕಿಲುಬನ್ನು ತೆಗೆದು ಬೆಸುಗೆ ಹರಡುವಂತೆ ಮಾಡುತ್ತದೆ. ರಾಳದಿಂದ ಮಾಡಿದ್ದನ್ನೇ ಕೇಳಿ. ಪೈಪ್ ಬೆಸೆಯುವ ಆಮ್ಲದ ಪೇಸ್ಟ್ ಬೇಡ, ಅದು ಎಳೆಗಳ ನಡುವೆ ಉಳಿದು ತಾಮ್ರವನ್ನು ನಿಧಾನವಾಗಿ ತಿನ್ನುತ್ತದೆ.

## ಐರನ್ ಕಾಯಿಸುವ ಮೊದಲು

ಪ್ಯಾಕನ್ನು ಕೈಯಲ್ಲಿ ಹಿಡಿದು ನೋಡಿ. ಉಬ್ಬಿದ್ದರೆ, ಮೂಲೆ ಜಜ್ಜಿಹೋಗಿದ್ದರೆ, ಸಿಹಿಯಾದ ದ್ರಾವಕದ ವಾಸನೆ ಬರುತ್ತಿದ್ದರೆ ಅದಕ್ಕೆ ಹೊಸ ಕನೆಕ್ಟರ್ ಹಾಕುವ ಮಾತೇ ಬೇಡ. ಅದು ಇ-ತ್ಯಾಜ್ಯ ಸಂಗ್ರಹಕ್ಕೆ ಹೋಗಬೇಕಾದ್ದು.

ಸರಿಯಿದ್ದರೆ ಚಾರ್ಜರಿನ ‘ಸ್ಟೋರೇಜ್’ ವಿಧಾನದಲ್ಲಿಟ್ಟು ಪ್ರತಿ ಸೆಲ್ ಸುಮಾರು 3.8 ವೋಲ್ಟಿಗೆ ಬರುವಂತೆ ಮಾಡಿ. ಇದರಿಂದ ಶಾರ್ಟ್ ಆಗುವ ಸಾಧ್ಯತೆ ತಗ್ಗುವುದಿಲ್ಲ. ಮೇಲಿನ ಲೆಕ್ಕದಲ್ಲೇ 11.4 ವೋಲ್ಟ್ ಹಾಕಿದರೂ 380 ಆಂಪಿಯರ್ ಬರುತ್ತದೆ, ಕಿಡಿಯ ಜೋರು ಹೆಚ್ಚುಕಡಿಮೆ ಅಷ್ಟೇ. ಆದರೆ ಒಳಗೆ ಕೂಡಿಟ್ಟ ಶಕ್ತಿ ಕಡಿಮೆ ಇರುವುದರಿಂದ ಅಕಸ್ಮಾತ್ ಅನಾಹುತವಾದರೆ ಬೆಂಕಿಯ ಉಗ್ರತೆ ಕಡಿಮೆ. ಪೂರ್ತಿ ಖಾಲಿ ಮಾಡಿದರೆ ಇನ್ನೂ ಸುರಕ್ಷಿತ ಎಂದು 3 ವೋಲ್ಟಿಗಿಂತ ಕೆಳಗೆ ಇಳಿಸಬೇಡಿ, ಸೆಲ್ ಹಾಳಾಗುತ್ತದೆ.

ಉಂಗುರ, ಬಳೆ, ಕಡಗ, ಲೋಹದ ಪಟ್ಟಿಯ ಕೈಗಡಿಯಾರ ತೆಗೆದಿಡಿ. ಬ್ಯಾಲೆನ್ಸ್ ಪ್ಲಗ್ಗಿನ ಬಾಯಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಹಿಂದಕ್ಕೆ ಮಡಚಿ, ಪ್ಯಾಕಿಗೆ ಅಂಟಿಸಿ. ಟೇಬಲ್ಲಿನ ಮೇಲೆ ಕಾಗದ, ಬಟ್ಟೆ ಬೇಡ. ಒಂದು ಹೆಂಚೋ ಟೈಲ್ಸ್ ತುಂಡೋ ಸಾಕು. ಪಕ್ಕದಲ್ಲಿ ಒಣ ಮರಳಿನ ಬಕೆಟ್ ಇರಲಿ. ಕಿಟಕಿ ತೆರೆದಿರಲಿ, ರಾಳದ ಹೊಗೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕನ್ನಡಕ ಹಾಕಿಕೊಳ್ಳಿ.

## ಒಮ್ಮೆಗೆ ಒಂದೇ ತಂತಿ

ಹಳೆಯ ಕನೆಕ್ಟರನ್ನು ತೆಗೆಯಲು ಪ್ಲೈಯರಿನಿಂದ ಎರಡೂ ತಂತಿಗಳನ್ನು ಒಟ್ಟಿಗೆ ಕತ್ತರಿಸಿದರೆ ಪ್ಲೈಯರಿನ ಉಕ್ಕಿನ ಬಾಯಿಯೇ ಎರಡಕ್ಕೂ ಸೇತುವೆಯಾಗುತ್ತದೆ. ಹೊಸಬರ ಕೈಯಲ್ಲಿ ಶಾರ್ಟ್ ಆಗುವ ಸಾಮಾನ್ಯ ಜಾಗ ಇದು. ಕೆಂಪು ತಂತಿಯನ್ನು ಮಾತ್ರ ಕತ್ತರಿಸಿ. ಕಪ್ಪು ತಂತಿ ಹಳೆಯ ಕನೆಕ್ಟರಿನಲ್ಲೇ ಇರಲಿ, ಅದರ ಲೋಹ ಹೊರಗೆ ಕಾಣದಂತೆ ಟೇಪ್ ಸುತ್ತಿ ದೂರಕ್ಕೆ ಬಾಗಿಸಿಡಿ. ಕೆಂಪು ತಂತಿಯ ಕೆಲಸ ಪೂರ್ತಿ ಮುಗಿದು, ಮುಚ್ಚಿ, ತಣ್ಣಗಾಗುವವರೆಗೆ ಕಪ್ಪನ್ನು ಮುಟ್ಟುವಂತಿಲ್ಲ.

ಹೊಸ ಕನೆಕ್ಟರನ್ನು ಸಣ್ಣ ವೈಸಿನಲ್ಲೋ ಮರದ ತುಂಡಿಗೆ ಕೊರೆದ ತೂತಿನಲ್ಲೋ ಅಲುಗಾಡದಂತೆ ನಿಲ್ಲಿಸಿ. ಅದಕ್ಕೆ ಅದರ ಜೋಡಿಯನ್ನು ಸಿಕ್ಕಿಸಿಡುವ ರೂಢಿ ಇದೆ: ಪ್ಲಾಸ್ಟಿಕ್ ಮೆತ್ತಗಾದರೂ ಲೋಹದ ಕೊಳವೆಗಳು ಓರೆಯಾಗುವುದಿಲ್ಲ, ಹೆಚ್ಚಿನ ಶಾಖವನ್ನು ಜೋಡಿ ಹೀರಿಕೊಳ್ಳುತ್ತದೆ. ಒಳ್ಳೆಯ ರೂಢಿ, ಆದರೆ ಬ್ಯಾಟರಿಯ ವಿಷಯದಲ್ಲಿ ಇದಕ್ಕೊಂದು ಷರತ್ತಿದೆ. ಬೆಸುಗೆ ಬಿದ್ದ ಕ್ಷಣದಿಂದ ಆ ಜೋಡಿಯ ಬೆನ್ನಿನಲ್ಲಿರುವ ಲೋಹಕ್ಕೂ ವಿದ್ಯುತ್ ಬರುತ್ತದೆ. ಆದ್ದರಿಂದ ಅದು ಯಾವ ತಂತಿಗೂ ಸೇರಿರದ ಬಿಡಿ ತುಂಡಾಗಿರಬೇಕು, ಬೆನ್ನಿಗೆ ಮೊದಲೇ ಟೇಪ್ ಸುತ್ತಿರಬೇಕು, ಮತ್ತು ಲೋಹದ ವೈಸಿನ ದವಡೆಗೆ ಅದು ತಾಗುತ್ತಿರಬಾರದು.

ಈಗ ತಂತಿಗೆ ಹೀಟ್ ಶ್ರಿಂಕ್ ಸ್ಲೀವ್, ಅಂದರೆ ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ, ತೂರಿಸಿ, ಬೆಸೆಯುವ ಜಾಗದಿಂದ ದೂರಕ್ಕೆ ಸರಿಸಿಡಿ. ಕನೆಕ್ಟರಿಗೆ ಪ್ಲಾಸ್ಟಿಕ್ ಟೊಪ್ಪಿ ಇದ್ದರೆ ಅದನ್ನೂ ಈಗಲೇ ಕೆಂಪು ತಂತಿಗೆ ತೂರಿಸಿ, ಕಪ್ಪು ತಂತಿಯನ್ನು ಅದರ ಸರದಿ ಬಂದಾಗ, ಬೆಸೆಯುವ ಮೊದಲು, ಅದರೊಳಗಿಂದ ತೂರಿಸಿದರಾಯಿತು. ಬೆಸೆದ ಮೇಲೆ ಇವನ್ನು ತೂರಿಸಲು ದಾರಿಯಿಲ್ಲ.

ತಂತಿಯ ತುದಿಯ ಸಿಲಿಕೋನ್ ಹೊದಿಕೆಯನ್ನು ಕನೆಕ್ಟರಿನ ಬೆನ್ನಿನಲ್ಲಿ ತಂತಿ ಕೂರುವ ಲೋಹದ ಬಟ್ಟಲಿನ ಆಳದಷ್ಟೇ ಸುಲಿಯಿರಿ. ಎಳೆಗಳನ್ನು ಒತ್ತಾಗಿ ಹೊಸೆದು, ಪೇಸ್ಟ್ ಸವರಿ, ಐರನ್ ತುದಿಯನ್ನು ಒಂದು ಬದಿಗೆ ಒತ್ತಿ, ಇನ್ನೊಂದು ಬದಿಯಿಂದ ಬೆಸುಗೆ ತಂತಿ ತಾಗಿಸಿ. ತಾಮ್ರ ಸಾಕಷ್ಟು ಬಿಸಿಯಾಗಿದ್ದರೆ ಬೆಸುಗೆ ತಾನಾಗಿ ಎಳೆಗಳ ಒಳಕ್ಕೆ ಇಳಿಯುತ್ತದೆ. ಐರನ್ನಿನ ಮೇಲೆ ಕರಗಿಸಿ ತಂತಿಯ ಮೇಲೆ ತೊಟ್ಟಿಕ್ಕಿಸುವುದು ಸುಲಭವಾಗಿ ಕಂಡರೂ ತಣ್ಣನೆಯ ತಾಮ್ರದ ಮೇಲೆ ಅದು ಬರೀ ಕೂತಿರುತ್ತದೆ, ಹಿಡಿಯುವುದಿಲ್ಲ. ಬಟ್ಟಲಿಗೂ ಹೀಗೇ ಬೆಸುಗೆ ಕರಗಿಸಿ ಅರ್ಧದಷ್ಟು ತುಂಬಿ. ಆಮೇಲೆ ಬಟ್ಟಲನ್ನು ಹೊರಗಿನಿಂದ ಕಾಯಿಸುತ್ತಾ, ಒಳಗಿನದು ಕರಗಿದ ಕೂಡಲೇ ತಂತಿಯನ್ನು ಇಳಿಸಿ. ಎರಡರ ಬೆಸುಗೆಯೂ ಒಂದಾಗಿ ಹರಿದಾಗ ಐರನ್ ತೆಗೆಯಿರಿ. ಅದು ಗಟ್ಟಿಯಾಗುವವರೆಗೆ ತಂತಿ ಅಲುಗಾಡಬಾರದು. ಕೈಯಲ್ಲಿ ಹಿಡಿಯುವ ಬದಲು ಇಕ್ಕಳ ಬಳಸಿ.

ಎಲ್ಲ ಸೇರಿ ಮೂರರಿಂದ ಐದು ಸೆಕೆಂಡಿನ ಮಾತು. ಹತ್ತು ಸೆಕೆಂಡಾದರೂ ಹರಿಯುತ್ತಿಲ್ಲವೆಂದರೆ ನಿಲ್ಲಿಸಿ, ಎಲ್ಲವೂ ತಣ್ಣಗಾಗಲಿ, ತುದಿಯನ್ನು ಒರೆಸಿ ಮತ್ತೆ ಪೇಸ್ಟ್ ಹಾಕಿ ಪ್ರಯತ್ನಿಸಿ. ಬ್ಯಾಟರಿಯ ಕಡೆಯ ತಂತಿಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿರಿ. ಸಹಿಸಲಾರದಷ್ಟು ಬಿಸಿ ಆ ತುದಿಗೆ ಬಂದಿದ್ದರೆ ಮುಂದುವರಿಸಬಾರದು.

ತಣಿದ ಮೇಲೆ ಸ್ಲೀವನ್ನು ಎಳೆದು ಲೋಹವೆಲ್ಲ ಮುಚ್ಚುವಂತೆ ಕೂರಿಸಿ, ಐರನ್ನಿನ ಬದಿಯಿಂದಲೋ ಹಾಟ್ ಏರ್ ಗನ್ನಿನಿಂದಲೋ ಬಿಗಿ ಮಾಡಿ. ಗಾಳಿಯ ಮುಖ ಪ್ಯಾಕಿನ ಕಡೆ ಇರಬಾರದು. ಲೈಟರ್, ಬೆಂಕಿಕಡ್ಡಿ ಪ್ಯಾಕಿನ ಹತ್ತಿರ ಬೇಡ. ಇಷ್ಟಾದ ಮೇಲಷ್ಟೇ ಕಪ್ಪು ತಂತಿಯನ್ನು ಕತ್ತರಿಸುವುದು. ಆಗ ಐರನ್ ಜಾರಿದರೂ ತಾಗುವುದು ಸ್ಲೀವಿಗೆ, ಕೆಂಪು ತಂತಿಯ ಬರಿ ಲೋಹಕ್ಕಲ್ಲ.

## ಕೆಟ್ಟ ಬೆಸುಗೆ ಮಾಡುವ ಕೇಡು

ಒಳ್ಳೆಯ ಸೀಸದ ಬೆಸುಗೆ ನುಣುಪಾಗಿ ಹೊಳೆಯುತ್ತದೆ, ತಂತಿ ಮತ್ತು ಬಟ್ಟಲಿನ ಅಂಚಿಗೆ ಇಳಿಜಾರಾಗಿ ಅಂಟಿಕೊಂಡಿರುತ್ತದೆ. ಮಂಕಾಗಿ, ಹರಳು ಹರಳಾಗಿ, ಉಂಡೆಯಂತೆ ನಿಂತಿದ್ದರೆ ಅದು ಕೋಲ್ಡ್ ಜಾಯಿಂಟ್. ಮಲ್ಟಿಮೀಟರಿನಲ್ಲಿ ವೋಲ್ಟೇಜ್ ಸರಿಯಾಗಿಯೇ ತೋರಿಸುತ್ತದೆ, ಮೋಟರೂ ತಿರುಗುತ್ತದೆ, ಹಾಗಾಗಿ ಸುಮ್ಮನಾಗಿಬಿಡುತ್ತೇವೆ.

ಲೆಕ್ಕ ಹಾಕಿ ನೋಡಿ. ಆ ಬೆಸುಗೆಯಲ್ಲಿ ಬರೀ 10 ಮಿಲಿಓಮ್ ಹೆಚ್ಚುವರಿ ರೋಧ ಇದೆ ಎನ್ನೋಣ. ರೋಧದಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 5 ಆಂಪಿಯರ್ ಹರಿಯುವಾಗ ಅಲ್ಲಿ ಹುಟ್ಟುವುದು ಕಾಲು ವ್ಯಾಟ್, ಗೊತ್ತೂ ಆಗುವುದಿಲ್ಲ. ಥ್ರಾಟಲ್ ಏರಿಸಿ 50 ಆಂಪಿಯರ್ ಎಳೆದಾಗ ಹುಟ್ಟುವುದು 25 ವ್ಯಾಟ್. ಕಲಿಯುವವರ ಸೋಲ್ಡರಿಂಗ್ ಐರನ್ನಿನ ಶಕ್ತಿಯೂ ಅಷ್ಟೇ. ಬೆಸುಗೆ ಕರಗಲು ಬೇಕಾದ ಶಾಖವನ್ನು ಬೆಸುಗೆಯೇ ತಯಾರಿಸಿಕೊಳ್ಳುತ್ತದೆ. ತಂತಿ ಕಳಚಿದರೆ ಗಾಳಿಯಲ್ಲಿರುವ ಡ್ರೋನ್ ಕಲ್ಲಿನಂತೆ ಬೀಳುತ್ತದೆ, ಕೆಳಗೆ ಯಾರಿದ್ದಾರೆ ಎಂಬುದು ನಮ್ಮ ಕೈಯಲ್ಲಿಲ್ಲ. ಬೆಸುಗೆಯ ಅಂದಚೆಂದದ ಬಗ್ಗೆ ಇಷ್ಟು ಹಠ ಹಿಡಿಯುವುದು ಇದಕ್ಕಾಗಿ.

## ಸಿಕ್ಕಿಸುವ ಮೊದಲು

ಎರಡು ತಂತಿಗಳನ್ನೂ ಒಂದೊಂದಾಗಿ ಸಾಕಷ್ಟು ಜೋರಾಗಿ ಎಳೆದು ನೋಡಿ. ಬರುವುದಾದರೆ ಈಗಲೇ ಬರಲಿ.

ಆಮೇಲೆ ಮಲ್ಟಿಮೀಟರನ್ನು ಡಿಸಿ ವೋಲ್ಟೇಜಿಗೆ ತಿರುಗಿಸಿ, ಕೆಂಪು ಕಡ್ಡಿ ಕೂಡಿಗೆ, ಕಪ್ಪು ಕಳೆಗೆ ಇಟ್ಟು ಓದಿ. ಅಂಕಿಯ ಮುಂದೆ ಕಳೆ ಚಿಹ್ನೆ ಬಂದರೆ ತಂತಿಗಳು ಅದಲುಬದಲಾಗಿವೆ. ಬಹುತೇಕ ಇಎಸ್‌ಸಿಗಳಿಗೆ ತಿರುಗುಮುರುಗು ವಿದ್ಯುತ್ ತಡೆಯುವ ಶಕ್ತಿಯಿಲ್ಲ, ಸಿಕ್ಕಿಸಿದ ಕ್ಷಣವೇ ಸುಡುತ್ತವೆ. ಇಲ್ಲಿ ಮೀಟರಿನ ಬಗ್ಗೆಯೇ ಒಂದು ಎಚ್ಚರಿಕೆ. ಹಿಂದೆ ಕರೆಂಟ್ ಅಳೆಯಲು ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿಗೆ ಹಾಕಿ ಹಾಗೇ ಬಿಟ್ಟಿದ್ದರೆ, ಮೀಟರ್ ಒಂದು ದಪ್ಪ ತಂತಿಯಂತೆ ವರ್ತಿಸಿ ಬ್ಯಾಟರಿಯನ್ನು ಶಾರ್ಟ್ ಮಾಡುತ್ತದೆ. ಕಡ್ಡಿ ಯಾವ ತೂತಿನಲ್ಲಿದೆ ಎಂದು ಪ್ರತಿ ಸಲ ನೋಡಿಕೊಳ್ಳಿ. ಬೀಪ್ ಸದ್ದಿನ ಕಂಟಿನ್ಯೂಟಿ ಪರೀಕ್ಷೆಯನ್ನು ಬ್ಯಾಟರಿಯ ತುದಿಗಳ ನಡುವೆ ಮಾಡಬಾರದು.

ಹೊಸದಾಗಿ ಕಟ್ಟಿದ ಡ್ರೋನಾದರೆ ಮೊದಲ ಸಲ ಬ್ಯಾಟರಿ ಮತ್ತು ಯಂತ್ರದ ನಡುವೆ ಒಂದು ಬಲ್ಬ್ ಸೇರಿಸುವುದು ಹವ್ಯಾಸಿಗಳ ಜಾಣ್ಮೆ. 3ಎಸ್ ಪ್ಯಾಕಿಗೆ ಕಾರಿನ ಬ್ರೇಕ್ ಲೈಟಿನ 12 ವೋಲ್ಟ್, 21 ವ್ಯಾಟಿನ ಬಲ್ಬನ್ನು ಒಂದು ತಂತಿಯ ಹಾದಿಯಲ್ಲಿ ಸರಣಿಯಾಗಿ ಹಾಕುತ್ತಾರೆ. ಎಲ್ಲವೂ ಸರಿಯಿದ್ದರೆ ಬಲ್ಬ್ ಒಮ್ಮೆ ಮಿಣುಕಿ ಆರುತ್ತದೆ. ಎಲ್ಲೋ ಶಾರ್ಟ್ ಇದ್ದರೆ ಉರಿಯುತ್ತಲೇ ಇರುತ್ತದೆ, ಕರೆಂಟ್ ಸುಮಾರು 2 ಆಂಪಿಯರಿಗೆ ನಿಂತು ಯಂತ್ರ ಉಳಿಯುತ್ತದೆ. ಈ ಪರೀಕ್ಷೆಯ ಹೊತ್ತಿನಲ್ಲಿ ಮೋಟರ್ ಓಡಿಸಬಾರದು, ರೆಕ್ಕೆಗಳನ್ನು ಬಿಚ್ಚಿಟ್ಟಿರಬೇಕು.

ನೇರವಾಗಿ ಸಿಕ್ಕಿಸುವಾಗ ಚಟ್ಟೆಂದು ಸಣ್ಣ ಕಿಡಿ ಬಂದರೆ ಗಾಬರಿ ಬೇಡ. ಇಎಸ್‌ಸಿಯ ಕೆಪಾಸಿಟರುಗಳು ಒಮ್ಮೆಲೇ ತುಂಬಿಕೊಳ್ಳುವಾಗ ಹಾಗಾಗುತ್ತದೆ. ಹೆಚ್ಚು ಸೆಲ್‌ಗಳ ದೊಡ್ಡ ಪ್ಯಾಕಿನಲ್ಲಿ ಈ ಕಿಡಿ ಕನೆಕ್ಟರಿನ ಲೋಹವನ್ನೇ ಕೊರೆಯುವುದರಿಂದ, ಒಳಗೆ ರೆಸಿಸ್ಟರ್ ಅಡಗಿಸಿದ ಎಕ್ಸ್‌ಟಿ90-ಎಸ್ ಮಾದರಿ ಬಳಸುತ್ತಾರೆ.

## ಸೆಲ್‌ಗೇ ನೇರವಾಗಿ ಬೆಸೆಯಬಹುದೇ?

ಬೇಡ. ಇಲ್ಲಿಯವರೆಗೆ ಹೇಳಿದ್ದೆಲ್ಲ ಪ್ಯಾಕಿನಿಂದ ಹೊರಬಂದ ತಂತಿಯ ತುದಿಯ ಬಗ್ಗೆ. ಲಿಪೊ ಚೀಲದಿಂದ ಹೊರಬರುವ ಕೂಡು ಪಟ್ಟಿ ಅಲ್ಯೂಮಿನಿಯಂನದು, ಸಾಮಾನ್ಯ ಬೆಸುಗೆ ಅದಕ್ಕೆ ಹಿಡಿಯುವುದೇ ಇಲ್ಲ. ಟಾರ್ಚ್, ಲ್ಯಾಪ್‌ಟಾಪ್‌ಗಳಲ್ಲಿರುವ 18650 ಉರುಳೆ ಸೆಲ್‌ಗಳ ಉಕ್ಕಿನ ತಲೆಗೆ ಹಿಡಿಯುತ್ತದೆ, ಅದೇ ಅಪಾಯ: ಒಳಗಿನ ಪರದೆ 130ಕ್ಕೆ ಕರಗುವಂಥದ್ದು, ಐರನ್ ತುದಿ 350ರಲ್ಲಿರುತ್ತದೆ, ನಡುವೆ ಇರುವುದು ತೆಳು ಲೋಹ. ಕಾರ್ಖಾನೆಗಳಲ್ಲಿ ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡಿಂಗ್ ಮಾಡುತ್ತಾರೆ. ಅದರಲ್ಲಿ ಶಾಖ ಸೆಕೆಂಡಿನ ಸಣ್ಣ ಪಾಲಿನಷ್ಟು ಹೊತ್ತು, ಒಂದು ಚುಕ್ಕೆಗೆ ಮಾತ್ರ ತಾಗಿ ಮುಗಿಯುತ್ತದೆ. ಪ್ಯಾಕಿನ ಬುಡದಲ್ಲೇ ತಂತಿ ಕಿತ್ತಿದ್ದರೆ ಬದಲಿಸುವುದೇ ಸರಿ.

## ಎಡವಟ್ಟಾದರೆ

ಕ್ಷಣಮಾತ್ರ ಶಾರ್ಟ್ ಆಗಿ ಕಿಡಿ ಹಾರಿದ ಪ್ಯಾಕನ್ನು ಕೂಡಲೇ ಚಾರ್ಜಿಗೆ ಹಾಕಬೇಡಿ. ಬಯಲಿನಲ್ಲಿ, ಹೊತ್ತಿಕೊಳ್ಳುವ ವಸ್ತುಗಳಿಂದ ದೂರ, ಕೆಲವು ಗಂಟೆಯಾದರೂ ಇಟ್ಟು ಗಮನಿಸಿ. ಉಬ್ಬಿದರೆ, ಬಿಸಿ ಉಳಿದರೆ, ಒಂದು ಸೆಲ್‌ನ ವೋಲ್ಟೇಜ್ ಉಳಿದವಕ್ಕಿಂತ ಇಳಿಯುತ್ತಾ ಹೋದರೆ ಅದರ ಕಥೆ ಮುಗಿಯಿತು.

ಹಿಸ್ಸೆಂದು ಹೊಗೆ ಬರತೊಡಗಿದರೆ ಮೊದಲು ಐರನ್ನಿನ ಪ್ಲಗ್ ಕೀಳಿ. ಸಾಧ್ಯವಿದ್ದರೆ ಇಕ್ಕಳದಿಂದಲೋ ಸಲಿಕೆಯಿಂದಲೋ ಪ್ಯಾಕನ್ನು ಮರಳಿನ ಬಕೆಟ್ಟಿಗೆ ಹಾಕಿ ಹೊರಗೆ ಒಯ್ಯಿರಿ, ಆಗದಿದ್ದರೆ ಎಲ್ಲರೂ ಹೊರಗೆ ಬನ್ನಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷಾನಿಲ ಇರುತ್ತದೆ, ಉಸಿರಾಡಬಾರದು. ಇಂಥ ಪ್ಯಾಕುಗಳಲ್ಲಿ ಲಿಥಿಯಂ ಗಟ್ಟಿ ಲೋಹದ ರೂಪದಲ್ಲಿ ಇರುವುದಿಲ್ಲ, ಆದ್ದರಿಂದ ಹೊರಗೆ ಸುರಕ್ಷಿತ ದೂರದಿಂದ ಧಾರಾಳವಾಗಿ ನೀರು ಸುರಿದು ತಂಪು ಮಾಡಬಹುದು. ಮರಳು ಕಿಡಿ ಹಾರದಂತೆ ತಡೆಯುತ್ತದೆ, ಒಳಗಿನ ಶಾಖವನ್ನು ಇಳಿಸುವುದು ನೀರೇ. ಉರಿ ಆರಿದಂತೆ ಕಂಡ ಪ್ಯಾಕು ಮತ್ತೆ ಹೊತ್ತಿಕೊಳ್ಳುವುದುಂಟು, ಹಾಗಾಗಿ ಆ ದಿನ ಅದನ್ನು ಮನೆಯೊಳಗೆ ತರಬೇಡಿ.

ಎಲ್ಲವೂ ಸರಿಯಾಗಿ ಮುಗಿದ ದಿನ ಸೋಪಿನಿಂದ ಕೈ ತೊಳೆದುಕೊಳ್ಳಿ, ಬೆರಳಿಗೆ ಸೀಸ ಅಂಟಿರುತ್ತದೆ. ಮೊದಲ ಹಾರಾಟವನ್ನು ಒಂದೆರಡು ನಿಮಿಷಕ್ಕೆ ನಿಲ್ಲಿಸಿ, ಇಳಿಸಿ, ಕನೆಕ್ಟರನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ಸ್ಲೀವ್ ಬಿಡಿಸಿ, ಆ ಬದಿಯ ಬೆಸುಗೆಯನ್ನು ಮತ್ತೆ ಹಾಕಿ, ಆಗಲೂ ಒಮ್ಮೆಗೆ ಒಂದೇ ತಂತಿಯಂತೆ.